ರಂಪಣಿ ಮತ್ತು ಪರ್ಸಿನ್: ಬಲೆ ಬದಲಾದಾಗ ಬದಲಾದದ್ದೇನು?

ಉಡುಪಿಯ ಬನ್ನಂಜೆಯಿಂದ ಪಡುವಣ ದಿಕ್ಕಿನ ರಸ್ತೆ ಹಿಡಿದರೆ ಆದಿಉಡುಪಿ, ಕಲ್ಮಾಡಿಗಳನ್ನು ದಾಟಿ ನಾಲ್ಕೈದು ಕಿಲೋಮೀಟರಿನಲ್ಲಿ ಮಲ್ಪೆಯನ್ನು ತಲಪುತ್ತೀರಿ. ಹಂಗಾಮಿನಲ್ಲಿ ಈ ರಸ್ತೆಯಲ್ಲಿ ಮಂಜುಗಡ್ಡೆ ತುಂಬಿದ ಮೀನಿನ ಲಾರಿಗಳ ಓಡಾಟ ನಿಲ್ಲುವುದೇ ಇಲ್ಲ. ಎರಡು ಮೂರು ತಲೆಮಾರುಗಳ ಹಿಂದೆ ಇದೇ ದಾರಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಮೊಗವೀರ ಹೆಂಗಸರು ಬಂಗುಡೆ, ಭೂತಾಯಿಗಳನ್ನು ಉಡುಪಿ ಪೇಟೆಗೆ ತರುತ್ತಿದ್ದರು. ಆ ಮೀನು ಬಂದರಿನಿಂದ ಬರುತ್ತಿರಲಿಲ್ಲ. ಅವರವರ ಊರಿನ ಮರಳದಂಡೆಯಿಂದಲೇ ಬರುತ್ತಿತ್ತು. ದಂಡೆಯಿಂದ ಬಂದರಿಗೆ ಆದ ಈ ಸ್ಥಳಾಂತರದ ಹಿಂದೆ ಒಂದು ಬಲೆಯ ಕಥೆಯಿದೆ.

ತಂತ್ರಜ್ಞಾನದ ಇತಿಹಾಸವನ್ನು ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತೇವೆ: ಹೊಸ ಸಾಧನ ಹಳೆಯದಕ್ಕಿಂತ ಹೆಚ್ಚು ದಕ್ಷವೇ? ಇತಿಹಾಸಕಾರರು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಹೊಸ ಸಾಧನ ಬಂದ ಮೇಲೆ ಫಲ ಯಾರ ಕೈ ಸೇರಿತು? ಕರಾವಳಿಯ ರಂಪಣಿ ಮತ್ತು ಪರ್ಸಿನ್ ಬಲೆಗಳ ಕಥೆಯಲ್ಲಿ ಈ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡೋಣ.

ದಂಡೆಯನ್ನೇ ಭಾಗವಾಗಿಸಿಕೊಂಡ ಬಲೆ

ರಂಪಣಿ ಎಂದರೆ ದಡದಿಂದ ಎಳೆಯುವ ಬೃಹತ್ ಬಲೆ. ಗೋವಾದಲ್ಲಿ ಇದನ್ನೇ ರಂಪೊಣ್ ಎನ್ನುವರು. ಗೋವಾದಿಂದ ಮಂಗಳೂರಿನವರೆಗೆ ಖಾರ್ವಿ, ಹರಿಕಂತ್ರ, ಗಾಬಿತ, ಮೊಗವೀರ ಮೊದಲಾದ ಸಮುದಾಯಗಳು ಇದನ್ನು ಬಳಸುತ್ತಿದ್ದವು. ಒಂದು ಕಿಲೋಮೀಟರನ್ನೂ ಮೀರಿದ ರಂಪಣಿಗಳಿದ್ದವು. ನೈಲಾನ್ ಬರುವ ಮುನ್ನ ಅವು ಸಣಬು, ಹತ್ತಿಯ ನೂಲಿನವು. ಮೇಲಂಚಿಗೆ ಮರದ ತೇಲುಗಳು, ಕೆಳಅಂಚಿಗೆ ಭಾರದ ಕಲ್ಲುಗಳು. ನೂಲು ಕೊಳೆಯದಂತೆ ಬಲೆಯನ್ನು ಆಗಾಗ ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಒಣಗಿಸಬೇಕಾಗಿತ್ತು.

ಮೀನಿನ ಹಿಂಡು ದಡದ ಸಮೀಪ ಬಂದುದು ಕಂಡೊಡನೆ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲೇ ಬಿಟ್ಟು ದೋಣಿ ಹೊರಡುತ್ತದೆ. ಹಿಂಡನ್ನು ಬಳಸಿ ಬಲೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುತ್ತದೆ. ಅನಂತರ ಹತ್ತಾರು ಜನ ಎರಡೂ ಹಗ್ಗಗಳನ್ನು ಹಿಡಿದು ಎಳೆಯುತ್ತಾರೆ. ಮೀನು ಅತಿಯಾಗಿ ಸಿಕ್ಕಿದರೆ ಎಲ್ಲವನ್ನೂ ಒಮ್ಮೆಗೇ ಮೇಲೆಳೆಯಬೇಕಾಗಿರಲಿಲ್ಲ. ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಮಾರಾಟವಾಗುವಷ್ಟನ್ನು ಮಾತ್ರ ದಿನದಿನವೂ ಹಿಡಿದು ತೆಗೆಯಬಹುದಾಗಿತ್ತು. ಮಂಜುಗಡ್ಡೆ ಕಾರ್ಖಾನೆಗಳಿಲ್ಲದ ಕಾಲದ ಶೇಖರಣಾ ವಿಧಾನವಿದು.

ಇದರ ಜ್ಯಾಮಿತಿಯನ್ನು ಗಮನಿಸಿ. 1,000 ಮೀಟರು ಉದ್ದದ ಬಲೆಯನ್ನು ನಡುಗಡಲಿನಲ್ಲಿ ಪೂರ್ಣ ವೃತ್ತವಾಗಿ ಬಿಟ್ಟರೆ ಅದು ಸುತ್ತುವರಿಯುವ ವಿಸ್ತೀರ್ಣ ಸುಮಾರು 79,600 ಚದರ ಮೀಟರು, ಅಂದರೆ 8 ಹೆಕ್ಟೇರು. ಅದೇ ಬಲೆಯನ್ನು ದಂಡೆಗೆ ತಾಗಿಸಿ ಅರ್ಧವೃತ್ತವಾಗಿ ಬಿಟ್ಟರೆ ವಿಸ್ತೀರ್ಣ ಸುಮಾರು 1,59,000 ಚದರ ಮೀಟರು, ಅಂದರೆ 16 ಹೆಕ್ಟೇರು. ಸರಿಯಾಗಿ ಎರಡು ಪಟ್ಟು! ಅರ್ಧವೃತ್ತದ ನೇರ ಬದಿಯಲ್ಲಿ ಬಲೆಯೇ ಬೇಕಿಲ್ಲ, ಆ ಕೆಲಸವನ್ನು ದಂಡೆ ಮಾಡುತ್ತದೆ. ಬಲೆಯ ಕೆಳಅಂಚು ಮುಟ್ಟುವಷ್ಟು ಆಳವಿಲ್ಲದ ಕಡಲತಳ ಅದರ ತಳವಾಗುತ್ತದೆ. ಹೀಗೆ ರಂಪಣಿ ಪ್ರಕೃತಿಯಿಂದ ಒಂದು ಗೋಡೆಯನ್ನೂ ಒಂದು ನೆಲವನ್ನೂ ಪುಕ್ಕಟೆಯಾಗಿ ಪಡೆದ ಸಾಧನ. ಅಷ್ಟೇ ಅದರ ಮಿತಿ ಕೂಡ. ದಂಡೆ ಬಿಟ್ಟು ಅದು ಕೆಲಸ ಮಾಡಲಾರದು. ಮೀನು ತಾನಾಗಿ ದಡದ ಬಳಿಗೆ ಬರಬೇಕು.

ಈ ಮಿತಿಯೇ ಒಂದು ಸಾಮಾಜಿಕ ವ್ಯವಸ್ಥೆಗೆ ಆಧಾರವಾಗಿತ್ತು. ದಂಡೆ ಊರಿನದು, ಊರಿಗೊಂದು ಪಟ್ಣ, ಅದಕ್ಕೊಬ್ಬ ಗುರಿಕಾರ. ಬಲೆಯೆಂಬುದು ಅನೇಕ ತುಂಡುಗಳನ್ನು ಸೇರಿಸಿ ಹೆಣೆದದ್ದು. ಅದರ ತುಂಡುಗಳನ್ನು ಬೇರೆ ಬೇರೆ ಮನೆಗಳವರು ಕೊಡುತ್ತಿದ್ದರು. ಬಲೆ, ದೋಣಿ ಹಾಗೂ ದುಡಿಮೆಗಳ ಲೆಕ್ಕದಲ್ಲಿ ಹಿಡಿದ ಮೀನು ಪಾಲಾಗುತ್ತಿತ್ತು. ಎಲ್ಲರ ಪಾಲೂ ಸಮವಾಗಿತ್ತು ಎಂದು ಭಾವಿಸಬಾರದು. ದೋಣಿ ಮತ್ತು ಬಲೆ ಹೆಚ್ಚು ಇದ್ದವನಿಗೆ ಹೆಚ್ಚು ಸಿಗುತ್ತಿತ್ತು. ಆದರೆ ಎಳೆಯಲು ಅನೇಕ ಕೈಗಳು ಬೇಕಾಗಿದ್ದುದರಿಂದ ಅನೇಕ ಮನೆಗಳಿಗೆ ಮೀನು ಹೋಗುತ್ತಿತ್ತು.

ಕಡಲನ್ನು ಓದುವ ವಿದ್ಯೆ

ಸೋನಾರ್ ಇಲ್ಲದ ಕಾಲದಲ್ಲಿ ಹಿಂಡನ್ನು ಪತ್ತೆ ಮಾಡುತ್ತಿದ್ದುದು ಹೇಗೆ? ನೀರಿನ ಬಣ್ಣ ಬದಲಾದುದು, ಮೇಲ್ಮೈಯಲ್ಲಿ ಏಳುವ ಸಣ್ಣ ಅಲೆ, ಎರಗುವ ಹಕ್ಕಿಗಳು, ಕತ್ತಲ ರಾತ್ರಿಯಲ್ಲಿ ಹಿಂಡು ಚಲಿಸಿದಾಗ ಜೈವಿಕ ದೀಪ್ತಿಯಿಂದ ನೀರು ಮಿನುಗುವುದು, ಇವೆಲ್ಲ ಸಂಕೇತಗಳು. ದಡದಲ್ಲಿ ನಿಂತು ಇವನ್ನು ಗುರುತಿಸಬಲ್ಲ ಅನುಭವಿಗಳ ಮಾತಿನಂತೆ ದೋಣಿ ಹೊರಡುತ್ತಿತ್ತು.

ಮಳೆಗಾಲದ ಬಳಿಕವೇ ಮೀನು ದಡಕ್ಕೆ ಬರುವುದೇಕೆಂಬುದನ್ನು ವಿಜ್ಞಾನ ಅನಂತರ ವಿವರಿಸಿತು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಕರಾವಳಿಗುಂಟ ಬೀಸುವ ಗಾಳಿ ಹಾಗೂ ಭೂಮಿಯ ಆವರ್ತನೆಯ ಸಂಯುಕ್ತ ಪರಿಣಾಮದಿಂದ ಮೇಲ್ಮೈ ನೀರು ದಡದಿಂದ ದೂರ ಸರಿಯುತ್ತದೆ. ಅದರ ಸ್ಥಾನಕ್ಕೆ ಆಳದಿಂದ ತಣ್ಣನೆಯ, ಪೋಷಕಾಂಶಭರಿತ ನೀರು ಏರಿ ಬರುತ್ತದೆ. ಸಸ್ಯಪ್ಲವಕಗಳು ಹೇರಳವಾಗಿ ಬೆಳೆಯುತ್ತವೆ. ಅವನ್ನು ತಿನ್ನುವ ಭೂತಾಯಿ ಹಿಂಡುಹಿಂಡಾಗಿ ಬರುತ್ತದೆ. 1924ರಲ್ಲಿ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಅವರು ಭೂತಾಯಿಯ ಜೀವನ ಚರಿತ್ರೆಯನ್ನು ಮಲಬಾರ್ ಕರಾವಳಿಯ ಪ್ಲವಕಗಳೊಂದಿಗೆ ಸೇರಿಸಿ ಅಧ್ಯಯನ ಮಾಡಿ ಪ್ರಕಟಿಸಿದರು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಅವರು ಫ್ರಜಿಲೇರಿಯ ಓಶಿಯಾನಿಕ ಎಂಬ ಡಯಾಟಮ್ ಭೂತಾಯಿಯ ಸಮೃದ್ಧಿಯ ಸೂಚಕವೆಂದು ತೋರಿಸಿದರು. ನೀರಿನ ಬಣ್ಣ ನೋಡಿ ಮೀನನ್ನು ಊಹಿಸುತ್ತಿದ್ದ ದಡದ ಅನುಭವಿ ಮತ್ತು ಸೂಕ್ಷ್ಮದರ್ಶಕದಲ್ಲಿ ಡಯಾಟಮ್ ಎಣಿಸಿದ ವಿಜ್ಞಾನಿ ಇಬ್ಬರೂ ಒಂದೇ ಆಹಾರ ಸರಪಣಿಯ ಗುರುತುಗಳನ್ನು ಹುಡುಕುತ್ತಿದ್ದರು.

ಸ್ಥಳೀಯರ ತಿಳಿವಳಿಕೆ ವಿಜ್ಞಾನದೊಳಗೆ ಸೇರಿ ಹೋದ ಇನ್ನೊಂದು ಉದಾಹರಣೆ ಬಂಗುಡೆಯ ಹೆಸರಿನಲ್ಲೇ ಇದೆ. ಅದರ ವೈಜ್ಞಾನಿಕ ನಾಮ ರಾಸ್ಟ್ರೆಲ್ಲಿಗರ್ ಕನಗುರ್ತ. ‘ಕನಗುರ್ತ’ ಎಂಬುದು ಲ್ಯಾಟಿನ್ ಪದವಲ್ಲ, ತೆಲುಗು ಬೆಸ್ತರ ಪದ. ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬಾತ 1803ರಲ್ಲಿ ಕೋರಮಂಡಲ ಕರಾವಳಿಯ ಮೀನುಗಳ ಚಿತ್ರಗಳನ್ನು ಅವುಗಳ ಸ್ಥಳೀಯ ಹೆಸರುಗಳೊಂದಿಗೆ ಪ್ರಕಟಿಸಿದ. ಫ್ರಾನ್ಸಿನ ಕುವಿಯೆ ಅದನ್ನಾಧರಿಸಿ ಜಾತಿಗೆ ಹೆಸರಿಟ್ಟ. ಆ ಹೆಸರನ್ನು ರಸೆಲ್‌ಗೆ ಹೇಳಿಕೊಟ್ಟ ಬೆಸ್ತ ಯಾರೆಂಬುದು ಮಾತ್ರ ಯಾವ ವರ್ಗೀಕರಣದ ಪುಸ್ತಕದಲ್ಲೂ ಇಲ್ಲ.

ಉಪ್ಪು, ಎಣ್ಣೆ ಮತ್ತು ಸರಕಾರ

ಕಡಲಿನ ಮೇಲೆ ಸರಕಾರದ ಕೈ ಮೊದಲು ಚಾಚಿದ್ದು ಉಪ್ಪಿನ ಮೂಲಕ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಉಪ್ಪಿನ ಮೇಲೆ ಬ್ರಿಟಿಷರು ವಿಧಿಸಿದ ತೆರಿಗೆಯಿಂದ ಮೀನು ಒಣಗಿಸುವವರಿಗೆ ತೊಂದರೆಯಾಯಿತು. ಸೇನಾ ವೈದ್ಯರಾಗಿದ್ದು ಮತ್ಸ್ಯಶಾಸ್ತ್ರಜ್ಞರಾದ ಫ್ರಾನ್ಸಿಸ್ ಡೇ ಅವರು 1873ರಲ್ಲಿ ಭಾರತ ಮತ್ತು ಬರ್ಮಾದ ಕಡಲ ಮೀನುಗಾರಿಕೆಯ ಕುರಿತು ವರದಿ ಪ್ರಕಟಿಸಿದರು. ಅದೇ ದಶಕದಲ್ಲಿ ಮೀನು ಸಂಸ್ಕರಣೆಯ ಸರಕಾರಿ ಅಂಗಳಗಳು ಆರಂಭವಾದವು. ಅಲ್ಲಿ ಅಗ್ಗದ ಉಪ್ಪು ಸಿಗುತ್ತಿತ್ತು, ಆದರೆ ಅಂಗಳದೊಳಗೇ ಬಳಸಬೇಕಾಗಿತ್ತು. ದಂಡೆಯ ಮೀನು ಹೀಗೆ ಮೊದಲ ಬಾರಿಗೆ ಸರಕಾರಿ ಲೆಕ್ಕದ ಪುಸ್ತಕಕ್ಕೆ ಬಂತು.

1907ರಲ್ಲಿ ಮದ್ರಾಸ್ ಸರಕಾರ ಮೀನುಗಾರಿಕೆಗಾಗಿಯೇ ಒಂದು ವಿಭಾಗವನ್ನು ತೆರೆಯಿತು. ಅದರ ಹೊಣೆ ಹೊತ್ತ ಫ್ರೆಡರಿಕ್ ನಿಕಲ್ಸನ್ ಜಪಾನಿಗೆ ಹೋಗಿ ಅಲ್ಲಿಯ ಮೀನುಗಾರಿಕೆಯನ್ನು ನೋಡಿ ಬಂದವರು. ದೊಡ್ಡ ಬಂಡವಾಳದ ಉಗಿ ಟ್ರಾಲರುಗಳನ್ನು ಒಮ್ಮೆಗೇ ತರುವುದಕ್ಕಿಂತ ಇರುವ ಮೀನುಗಾರರ ಕಸುಬನ್ನೇ ಹಂತಹಂತವಾಗಿ ಉತ್ತಮಪಡಿಸಬೇಕೆಂಬುದು ಅವರ ನಿಲುವಾಗಿತ್ತು. ಅವರ ಪ್ರೋತ್ಸಾಹದಿಂದ ಪಶ್ಚಿಮ ಕರಾವಳಿಯಲ್ಲಿ ಭೂತಾಯಿಯಿಂದ ಎಣ್ಣೆ ಮತ್ತು ಗೊಬ್ಬರ ತಯಾರಿಸುವ ಸಣ್ಣ ಕಾರ್ಖಾನೆಗಳು ಹುಟ್ಟಿದವು. ದಂಡೆಯ ರಂಪಣಿಗೆ ದೂರದ ಮಾರುಕಟ್ಟೆಯೊಂದು ಸಿಕ್ಕಿತು.

1940ರ ದಶಕದಲ್ಲಿ ಭೂತಾಯಿ ವರ್ಷಗಟ್ಟಲೆ ಪಶ್ಚಿಮ ಕರಾವಳಿಗೆ ಸರಿಯಾಗಿ ಬರಲಿಲ್ಲ. 1943ರಲ್ಲಿ ಮದ್ರಾಸ್ ಸರಕಾರ ಅದರ ಹಿಡಿಯುವಿಕೆಗೆ ನಿರ್ಬಂಧಗಳನ್ನು ಹೇರಿತು. ಆಗ ಯಾಂತ್ರಿಕ ದೋಣಿಗಳಿರಲಿಲ್ಲ, ಪರ್ಸಿನ್ ಇರಲಿಲ್ಲ ಎಂಬುದನ್ನು ನೆನಪಿಡಿ. ಈ ಸಂಗತಿಗೆ ಮುಂದೆ ಮತ್ತೆ ಬರೋಣ.

ತಳವಿರುವ ಚೀಲ

ಸ್ವಾತಂತ್ರ್ಯಾನಂತರ ಕಾಲ ವೇಗವಾಗಿ ಸಾಗಿತು. 1952ರ ಒಪ್ಪಂದದಂತೆ ಭಾರತ–ನಾರ್ವೆ ಯೋಜನೆ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಆರಂಭವಾಯಿತು. ಯಾಂತ್ರಿಕ ದೋಣಿಗಳನ್ನು ಬಳಕೆಗೆ ತಂದ ಈ ಯೋಜನೆ ಮುಂದೆ ಕಾರವಾರಕ್ಕೂ ವಿಸ್ತರಿಸಿತು. ನೈಲಾನ್ ನೂಲು ಬಂದು ಚೊಗರಿನ ಕೆಲಸ ತಪ್ಪಿತು. ಸಿಗಡಿ ರಫ್ತಿನ ಲಾಭ ಟ್ರಾಲ್ ಬೋಟುಗಳನ್ನು ಹೆಚ್ಚಿಸಿತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ತೆರೆಯಿತು. ಆದರೂ ಬಂಗುಡೆ, ಭೂತಾಯಿಗಳ ಮಟ್ಟಿಗೆ 1970ರ ದಶಕದ ನಡುವಿನವರೆಗೂ ದಂಡೆಯ ರಂಪಣಿಯೇ ಮುಖ್ಯ ಬಲೆಯಾಗಿ ಉಳಿದಿತ್ತು.

1975–76ರ ಹಂಗಾಮಿನಲ್ಲಿ ದಕ್ಷಿಣ ಕನ್ನಡದಲ್ಲಿ ಪರ್ಸಿನ್ ಮೀನುಗಾರಿಕೆ ವಾಣಿಜ್ಯ ಪ್ರಮಾಣದಲ್ಲಿ ಆರಂಭವಾಯಿತು. (ಉಡುಪಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.) ಪರ್ಸಿನ್ ಬಲೆಯೂ ಹಿಂಡನ್ನು ಗೋಡೆಯಂತೆ ಸುತ್ತುವರಿಯುತ್ತದೆ. ವ್ಯತ್ಯಾಸವಿರುವುದು ಕೆಳಅಂಚಿನಲ್ಲಿ. ಅಲ್ಲಿ ಸಾಲಾಗಿ ಉಂಗುರಗಳಿದ್ದು, ಅವುಗಳೊಳಗೆ ಒಂದು ಹಗ್ಗ ಹಾದು ಹೋಗುತ್ತದೆ. ಹಿಂಡನ್ನು ಸುತ್ತಿದ ಕೂಡಲೇ ಬೋಟಿನ ವಿಂಚು ಆ ಹಗ್ಗವನ್ನು ಸೆಳೆಯುತ್ತದೆ. ಹಳೆಯ ಕಾಲದ ಹಣದ ಸಂಚಿಯ ಬಾಯಿಯ ದಾರವನ್ನು ಎಳೆದಂತೆ ಬಲೆಯ ಅಡಿ ಮುಚ್ಚಿಕೊಳ್ಳುತ್ತದೆ. ಈ ಬಲೆಗೆ ದಂಡೆಯ ಗೋಡೆಯೂ ಬೇಡ, ಕಡಲತಳದ ನೆಲವೂ ಬೇಡ. ತನ್ನ ತಳವನ್ನು ತಾನೇ ಮಾಡಿಕೊಳ್ಳುತ್ತದೆ.

ಮತ್ತೆ ಲೆಕ್ಕ ಮಾಡಿ. 500 ಮೀಟರು ಉದ್ದದ ಪರ್ಸಿನ್ ಬಲೆ ವೃತ್ತಾಕಾರವಾಗಿ ಸುತ್ತುವರಿಯುವುದು ಸುಮಾರು 2 ಹೆಕ್ಟೇರು ಮಾತ್ರ. ಒಂದು ಕಿಲೋಮೀಟರಿನ ರಂಪಣಿಯ ಎಂಟನೆಯ ಒಂದು ಭಾಗ! ಹಾಗಾದರೆ ಪರ್ಸಿನ್ ಗೆದ್ದದ್ದು ಹೇಗೆ? ವಿಸ್ತೀರ್ಣದಿಂದಲ್ಲ, ಸ್ಥಳ ಸ್ವಾತಂತ್ರ್ಯದಿಂದ. ರಂಪಣಿ ಮೀನಿಗಾಗಿ ಕಾಯಬೇಕು. ಪರ್ಸಿನ್ ಬೋಟು ಮೀನಿದ್ದಲ್ಲಿಗೆ ಹೋಗುತ್ತದೆ. ಒಮ್ಮೆ ತಪ್ಪಿದರೆ ಇನ್ನೊಮ್ಮೆ, ಇನ್ನೊಂದು ಕಡೆ ಬಲೆ ಬಿಡಬಹುದು. ದಡದತ್ತ ಬರುತ್ತಿರುವ ಹಿಂಡನ್ನು ದಾರಿಯಲ್ಲೇ ಹಿಡಿಯಬಹುದು.

ಇಲ್ಲಿಯೇ ಸಮಸ್ಯೆಯ ಗಂಟಿದೆ. ಎರಡೂ ಬಲೆಗಳು ಬೇರೆ ಬೇರೆ ಮೀನಿಗಾಗಿ ಸ್ಪರ್ಧಿಸುತ್ತಿರಲಿಲ್ಲ. ಅದೇ ಬಂಗುಡೆ, ಅದೇ ಭೂತಾಯಿ, ಅದೇ ಹಿಂಡು. ಹೊರಗಡಲಿನಲ್ಲಿ ಮೊದಲು ಹಿಡಿದವನ ಪಾಲಿಗೆ ಮೀನು. ದಂಡೆಯಲ್ಲಿ ಕಾದು ನಿಂತವನಿಗೆ ಖಾಲಿ ನೀರು. ಹಿಂದೆ ಹತ್ತಾರು ಮನೆಗಳವರು ಸೇರಿ ಎಳೆಯುತ್ತಿದ್ದ ಮೀನನ್ನು ಈಗ ಇಪ್ಪತ್ತೈದು–ಮೂವತ್ತು ಜನರ ಒಂದು ಬೋಟು ಹಿಡಿಯತೊಡಗಿತು. ಮೀನು ಊರಿನ ಮರಳಿಗೆ ಬಾರದೆ ಬಂದರಿನ ಧಕ್ಕೆಗೆ ಹೋಯಿತು. ದಂಡೆಯಲ್ಲಿ ಗುರಿಕಾರನ ಮಾತು ನಡೆಯುತ್ತಿತ್ತು, ಧಕ್ಕೆಯಲ್ಲಿ ಹರಾಜಿನ ಕೂಗು. ಬುಟ್ಟಿಯ ಹೆಂಗಸರು ಹರಾಜಿನಲ್ಲಿ ದೊಡ್ಡ ವ್ಯಾಪಾರಿಗಳೊಂದಿಗೆ ಸೆಣಸಬೇಕಾಯಿತು.

1970ರ ದಶಕದ ಕೊನೆಯಲ್ಲಿ ರಂಪಣಿ ಮತ್ತು ಪರ್ಸಿನ್ ಮೀನುಗಾರರ ನಡುವೆ ತಿಕ್ಕಾಟಗಳಾದವು. ಗೋವಾದಲ್ಲಿ ಮತಾನಿ ಸಲ್ದಾನ್ಹ ಅವರ ನೇತೃತ್ವದಲ್ಲಿ ರಂಪೊಣ್‌ಕಾರರು ಸಂಘಟಿತರಾದರು. 1978ರಲ್ಲಿ ಸಾಂಪ್ರದಾಯಿಕ ಮೀನುಗಾರರ ರಾಷ್ಟ್ರೀಯ ವೇದಿಕೆ ಹುಟ್ಟಿತು. ಗೋವಾ ಮತ್ತು ಕೇರಳಗಳಲ್ಲಿ 1980ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಗಳು ಬಂದವು. ದಕ್ಷಿಣ ಕನ್ನಡದಲ್ಲಿ ಇನ್ನೊಂದು ಬೆಳವಣಿಗೆಯೂ ಆಯಿತು. ರಂಪಣಿಯವರಲ್ಲೇ ಅನೇಕರು ಗುಂಪು ಕಟ್ಟಿ, ಸಾಲ ಪಡೆದು, ತಾವೇ ಪರ್ಸಿನ್ ಬೋಟುಗಳಲ್ಲಿ ಪಾಲುದಾರರಾದರು. ಆದ್ದರಿಂದ ಇದನ್ನು ಒಳ್ಳೆಯವರ ಮೇಲೆ ಕೆಟ್ಟವರು ಎರಗಿದ ಕಥೆಯಾಗಿ ಹೇಳಲಾಗದು. ಪಾಲು ಹಾಕಿ ದುಡಿಯುವ ಹಳೆಯ ಅಭ್ಯಾಸವೇ ಹೊಸ ಬೋಟನ್ನು ಕೊಳ್ಳಲು ನೆರವಾಯಿತು. ಪಾಲು ಹಾಕಲು ಶಕ್ತಿಯಿಲ್ಲದವರು ಮಾತ್ರ ದಂಡೆಯಲ್ಲೇ ಉಳಿದರು. ದೊಡ್ಡ ರಂಪಣಿ ಕೆಲವೇ ವರ್ಷಗಳಲ್ಲಿ ಬಹುತೇಕ ಕಣ್ಮರೆಯಾಯಿತು. ಅದರ ಕಿರಿಯ ರೂಪವಾದ ಕೈರಂಪಣಿ ಇಂದಿಗೂ ಉಡುಪಿಯ ದಂಡೆಗಳಲ್ಲಿ ಕಾಣಸಿಗುತ್ತದೆ.

ಇನ್ನೊಂದು ಕಡಲಿನ ತೀರ್ಪು

ಇದೇ ಪ್ರಶ್ನೆ ಭೂಮಿಯ ಇನ್ನೊಂದು ಮಗ್ಗುಲಿನಲ್ಲೂ ಎದ್ದಿತ್ತು. ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳು ನದಿಯೇರಿ ಬರುವ ಸಾಲ್ಮನ್ ಮೀನನ್ನು ಜಲಪಾತಗಳ ಬುಡದಲ್ಲಿ, ನದೀಮುಖಗಳಲ್ಲಿ ಹಿಡಿಯುತ್ತಿದ್ದರು. ಅವರದೂ ಮೀನು ತಾವಿದ್ದಲ್ಲಿಗೆ ಬರುವುದನ್ನು ಕಾಯುವ ವಿಧಾನ. 1854–55ರ ಒಪ್ಪಂದಗಳಲ್ಲಿ ಅವರು ಭೂಮಿಯನ್ನು ಬಿಟ್ಟುಕೊಟ್ಟರೂ ರೂಢಿಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಮುಂದೆ ಡಬ್ಬೀಕರಣದ ಕಾರ್ಖಾನೆಗಳು ಬಂದವು. ಕೊಲಂಬಿಯಾ ನದಿಯಲ್ಲಿ ಪ್ರವಾಹದ ಬಲದಿಂದ ತಿರುಗಿ ಮೀನನ್ನು ಮೊಗೆಯುವ ಚಕ್ರಗಳು, ಕಡಲಿನಲ್ಲಿ ಪರ್ಸಿನ್ ಬೋಟುಗಳು ಬಂದವು. ಮೀನು ಹಳೆಯ ತಾಣಗಳನ್ನು ತಲಪುವ ಮೊದಲೇ ಬಲೆಗೆ ಬೀಳುತ್ತಿತ್ತು. ಕೊಲಂಬಿಯಾದ ಪ್ರಸಿದ್ಧ ಮೀನುಗಾರಿಕಾ ತಾಣವಾದ ಸೆಲೈಲೊ ಜಲಪಾತ 1957ರಲ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು.

1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಮಹತ್ವದ ತೀರ್ಪನ್ನಿತ್ತರು. ವಾಷಿಂಗ್ಟನ್ ರಾಜ್ಯದಲ್ಲಿ ಆ ಒಪ್ಪಂದಗಳಿಗೆ ಸೇರಿದ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧದಷ್ಟರ ಹಕ್ಕಿದೆ ಎಂದರು. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಮೂಲತಃ ಎತ್ತಿಹಿಡಿಯಿತು. ದಕ್ಷಿಣ ಕನ್ನಡಕ್ಕೆ ಪರ್ಸಿನ್ ಬಂದುದು ಬೋಲ್ಟ್ ತೀರ್ಪಿನ ಮರುವರ್ಷ!

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಮೊಗವೀರರು, ಖಾರ್ವಿಗಳು ಅಮೆರಿಕದ ಮೂಲನಿವಾಸಿಗಳಂತೆ ಹೊರಗಿನವರೊಂದಿಗೆ ಒಪ್ಪಂದ ಮಾಡಿಕೊಂಡ ಜನಾಂಗಗಳಲ್ಲ. ಇಲ್ಲಿ ಹೊಸ ಬೋಟುಗಳನ್ನು ಕೊಂಡವರಲ್ಲೂ ಅದೇ ಸಮುದಾಯದವರಿದ್ದರು. ಅಲ್ಲಿ ಹಕ್ಕು ಕಾಗದದ ಮೇಲಿತ್ತು. ಆದ್ದರಿಂದ ನೂರಿಪ್ಪತ್ತು ವರ್ಷಗಳ ಮೇಲೂ ನ್ಯಾಯಾಲಯ ಅದನ್ನು ಓದಲು ಸಾಧ್ಯವಾಯಿತು. ನಮ್ಮ ದಂಡೆಯ ಹಕ್ಕು ರೂಢಿಯಲ್ಲಿತ್ತು. ಬಲೆ ದಂಡೆಯನ್ನು ಬಿಟ್ಟ ಕೂಡಲೇ ಆ ರೂಢಿಗೆ ಹಿಡಿತವಿಲ್ಲದಾಯಿತು. ನಮ್ಮ ಕಾಯಿದೆಗಳು ಬೋಟುಗಳು ಎಲ್ಲಿ, ಯಾವಾಗ ಹಿಡಿಯಬಹುದೆಂದು ವಿಂಗಡಿಸಿದವು. ಮೀನಿನಲ್ಲಿ ಯಾರ ಪಾಲು ಎಷ್ಟೆಂದು ಹೇಳಲಿಲ್ಲ.

ಕಾರಣ ಹುಡುಕುವಾಗ ಎಚ್ಚರ

‘ಪರ್ಸಿನ್ ಬಂತು, ಮೀನು ಮುಗಿಯಿತು’ ಎಂಬ ಮಾತನ್ನು ಕರಾವಳಿಯಲ್ಲಿ ಕೇಳಿರುತ್ತೀರಿ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಹಾಗೆಯೇ ಒಪ್ಪಬಾರದು. 1940ರ ದಶಕದ ಭೂತಾಯಿಯ ಅಭಾವಕ್ಕೆ ಪರ್ಸಿನ್ ಕಾರಣವಾಗಿರಲು ಸಾಧ್ಯವಿಲ್ಲ. 2012ರಲ್ಲಿ, ಪರ್ಸಿನ್ ಬಂದು ಮೂರೂವರೆ ದಶಕ ಕಳೆದ ಮೇಲೆ, ದೇಶದಲ್ಲಿ ಸುಮಾರು 7 ಲಕ್ಷ ಟನ್ನು ಭೂತಾಯಿ ದೊರೆತು ದಾಖಲೆಯಾಯಿತು. 2021ರಲ್ಲಿ ಕೇರಳದಲ್ಲಿ ಸಿಕ್ಕಿದ್ದು 3,297 ಟನ್ನು ಮಾತ್ರ. ಮಳೆ, ಆಳದ ನೀರಿನ ಏರಿಕೆ, ಕಡಲಿನ ಉಷ್ಣತೆ, ಎಲ್ ನಿನೋ ಎಲ್ಲವೂ ಈ ಮೀನಿನ ಏರಿಳಿತದಲ್ಲಿ ಪಾತ್ರ ವಹಿಸುತ್ತವೆ. ಬಡವಾದ ವರ್ಷಗಳಲ್ಲಿ ಮರಿಮೀನುಗಳನ್ನೂ ಹಿಡಿದರೆ ಚೇತರಿಕೆ ಕಷ್ಟವಾಗುತ್ತದೆ ಎಂಬುದೂ ಅಷ್ಟೇ ನಿಜ.

ಹೀಗೆ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ಕಡಲಿನಲ್ಲಿ ಮೀನು ಎಷ್ಟಿದೆ ಎಂಬುದು ಒಂದು. ಇರುವ ಮೀನು ಯಾರಿಗೆ ಸಿಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಲೆಯೊಂದೇ ಕಾರಣವಲ್ಲ. ಎರಡನೆಯದನ್ನು ಮಾತ್ರ ಬಲೆ ನೇರವಾಗಿ ನಿರ್ಧರಿಸಿತು. ಒಟ್ಟು ಇಳುವರಿಯ ಅಂಕಿಅಂಶಗಳ ಪಟ್ಟಿಯನ್ನು ಎಷ್ಟು ನೋಡಿದರೂ ಈ ಎರಡನೆಯ ಬದಲಾವಣೆ ಕಾಣುವುದಿಲ್ಲ. ಏಕೆಂದರೆ ದಂಡೆಯಲ್ಲಿ ಹಿಡಿದ ಒಂದು ಟನ್ನೂ ಬಂದರಿಗೆ ಬಂದ ಒಂದು ಟನ್ನೂ ಪಟ್ಟಿಯಲ್ಲಿ ಒಂದೇ.

ಕಥೆ ಇಲ್ಲಿಗೆ ನಿಂತಿಲ್ಲ. ಪ್ರಖರವಾದ ಎಲ್‌ಇಡಿ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವ ವಿಧಾನ ಬಂದಾಗ, ಒಂದು ಕಾಲಕ್ಕೆ ಹೊಸತಾಗಿದ್ದ ಬೋಟುಗಳವರೇ ಅನೇಕರು ಅದನ್ನು ವಿರೋಧಿಸಿದರು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ದೇಶದ ವಿಶೇಷ ಆರ್ಥಿಕ ವಲಯದಲ್ಲಿ ಅದನ್ನು ನಿಷೇಧಿಸಿತು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ದಿನಗಳಲ್ಲಿ ನಾಡದೋಣಿಯವರಿಗೆ ಮಾತ್ರ ಅವಕಾಶ. ಹಳೆಯ ದಂಡೆಯ ಹಕ್ಕಿನ ಒಂದು ಸಣ್ಣ ಭಾಗ ಈ ಎರಡು ತಿಂಗಳ ನಿಯಮದಲ್ಲಿ ಉಳಿದುಕೊಂಡಿದೆ ಎನ್ನಬಹುದು.

ನಿಮ್ಮ ಶಾಲೆಯಲ್ಲಿ

ಉಡುಪಿ, ಕಾಪು, ಮಲ್ಪೆ, ಗಂಗೊಳ್ಳಿಗಳ ಶಾಲೆಗಳಲ್ಲಿ ರಂಪಣಿ ಎಳೆದವರ ಮೊಮ್ಮಕ್ಕಳು ಓದುತ್ತಿದ್ದಾರೆ. ರಂಪಣಿಯ ಉಚ್ಛ್ರಾಯ ಕಾಲವನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಆದ್ದರಿಂದ ಅಧ್ಯಾಪಕರಲ್ಲಿ ಒಂದು ಕೋರಿಕೆ. ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಮಾಡಿ ಹಿರಿಯರ ಬಳಿಗೆ ಕಳಿಸಿ. ಬಲೆ ಎಷ್ಟು ಮಾರು ಉದ್ದವಿತ್ತು? ಎಷ್ಟು ತುಂಡು, ಎಷ್ಟು ಮನೆಯವರದು? ಹಿಂಡನ್ನು ಯಾವ ಗುರುತಿನಿಂದ ತಿಳಿಯುತ್ತಿದ್ದರು? ಪಾಲು ಹೇಗೆ ಹಂಚುತ್ತಿದ್ದರು? ಮೀನು ಮಾರಲು ಅಜ್ಜಿ ಎಲ್ಲಿಯವರೆಗೆ ನಡೆಯುತ್ತಿದ್ದರು? ಈ ಉತ್ತರಗಳನ್ನು ಹೇಳಿದವರ ಒಪ್ಪಿಗೆ ಪಡೆದು, ದಿನಾಂಕದೊಂದಿಗೆ ಬರೆದಿಡಲಿ. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಬರೆಯಲಿ. ಗಣಿತದ ತರಗತಿಯಲ್ಲಿ ಆ ಉದ್ದವನ್ನೇ ಹಿಡಿದು ಅರ್ಧವೃತ್ತದ ವಿಸ್ತೀರ್ಣ ಕಂಡುಹಿಡಿಯಲಿ.

ಕನಗುರ್ತ ಎಂಬ ಹೆಸರನ್ನು ಹೇಳಿಕೊಟ್ಟವನ ಹೆಸರು ನಮಗೆ ಉಳಿಯಲಿಲ್ಲ. ನಮ್ಮ ದಂಡೆಯ ಹಿರಿಯರ ವಿಷಯದಲ್ಲಿ ಹಾಗಾಗದಂತೆ ಮಾಡಲು ಒಂದು ನೋಟು ಪುಸ್ತಕ ಮತ್ತು ಕೆಲವು ಸಂಜೆಗಳು ಸಾಕು.